ಕ್ಯಾಂಟರ್ ತಿಂಗಳ ಬಾಡಿಗೆಗೋ, ಟ್ರಿಪ್ ಬಾಡಿಗೆಗೋ: ಮಾವಿನ ಸೀಸನ್ನಿನ ಸಾಗಾಟದ ಲೆಕ್ಕ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತ ಮೇ ತಿಂಗಳು ಬಂತೆಂದರೆ ಮಾವಿನಕಾಯಿಯ ದರ ವಿಚಾರಿಸುವವರಷ್ಟೇ ಮಂದಿ ಗಾಡಿ ಸಿಕ್ಕಿತೇ ಎಂದು ವಿಚಾರಿಸುತ್ತಿರುತ್ತಾರೆ. ಜನವರಿಯಲ್ಲಿ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾದು ನಿಂತಿರುತ್ತಿದ್ದ ಕ್ಯಾಂಟರುಗಳ ಮಾಲೀಕರು ಆ ಹೊತ್ತಿಗೆ ಫೋನಿಗೂ ಸಿಗುವುದಿಲ್ಲ, ಸಿಕ್ಕರೆ ಅವರು ಹೇಳಿದ್ದೇ ಬಾಡಿಗೆ. ಈ ಪಾಡು ಬೇಡವೆಂದು ಕೆಲವರು ಫೆಬ್ರುವರಿಯಲ್ಲೇ ಆರೇಳು ಗಾಡಿಗಳನ್ನು ತಿಂಗಳ ಬಾಡಿಗೆಗೆ ಹಿಡಿದು, ಕಾಯಿ ಇಳಿಯುವವರೆಗೆ ಅವನ್ನು ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿಕೊಂಡು ಹಣ ಕಟ್ಟುತ್ತಾರೆ. ಇನ್ನು ಕೆಲವರು ಒಂದನ್ನೂ ಹಿಡಿಯದೆ, ಜೂನಿನಲ್ಲಿ ಕೇಳಿದಷ್ಟು ಕೊಟ್ಟು ಕೈ ಸುಟ್ಟುಕೊಳ್ಳುತ್ತಾರೆ. ಇಂಥದ್ದೊಂದು ರೈತರ ಗುಂಪಿನ ಸಾಗಾಟದ ಪುಸ್ತಕವನ್ನು ಕೆಲವು ವರ್ಷ ಬರೆದವನಾಗಿ ನನಗೆ ಕಂಡದ್ದು ಇಷ್ಟು: ನಮಗೆ ಎಷ್ಟು ಗಾಡಿ ಬೇಕು ಎಂಬ ಪ್ರಶ್ನೆಗೆ ಒಟ್ಟಾಗಿ ಉತ್ತರ ಹುಡುಕಿದರೆ ಲೆಕ್ಕ ತಪ್ಪುತ್ತದೆ. ಮೂರನೆಯ ಗಾಡಿಗೆ ಒಂದು ಉತ್ತರ, ಏಳನೆಯ ಗಾಡಿಗೆ ಮತ್ತೊಂದು ಉತ್ತರ, ಒಂಬತ್ತನೆಯದಕ್ಕೆ ಇನ್ನೊಂದು ಉತ್ತರ ಬರುತ್ತದೆ.

ಮುಂದೆ ಬಳಸಿರುವ ಬಾಡಿಗೆಯ ಮೊತ್ತಗಳನ್ನೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡಿದ್ದೇನೆ. ಊರು, ವರ್ಷ, ಗಾಡಿಯ ಸ್ಥಿತಿಗೆ ತಕ್ಕಂತೆ ಅವು ಬದಲಾಗುವುದರಿಂದ ಓದುಗರು ತಮ್ಮ ಊರಿನ ದರವನ್ನು ಆ ಜಾಗದಲ್ಲಿ ಇಟ್ಟುಕೊಂಡು ಕೂಡಿ ಕಳೆಯಬೇಕು. ದಾರಿ ಮಾತ್ರ ನಿಜವಾದದ್ದು: ಶ್ರೀನಿವಾಸಪುರದಿಂದ ಕೋಲಾರ, ಹೊಸಕೋಟೆಯ ಮೇಲೆ ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಗೆ, ಹೋಗಿ ಬರಲು ಸುಮಾರು 200 ಕಿಲೋಮೀಟರ್.

ಮೊದಲು ಗಾತ್ರ

ಟಾಟಾ ಏಸ್ 2005ರಲ್ಲಿ ಬಂದ ಮೇಲೆ ಸಣ್ಣ ಲೋಡಿಗೆ ಅದರದೇ ರಾಜ್ಯವಾಯಿತು. ಅದರ ಹೊರುವ ಶಕ್ತಿ ಮುಕ್ಕಾಲು ಟನ್ ಆಸುಪಾಸು. ಬೊಲೆರೊ ಪಿಕಪ್‌ನಂಥ ಗಾಡಿಗಳು ಒಂದೂವರೆ ಟನ್, 14 ಅಡಿಯ ಕ್ಯಾಂಟರ್ ಮೂರೂವರೆ ಟನ್, ಆರು ಚಕ್ರದ ಲಾರಿ ಹತ್ತಿರ ಹತ್ತಿರ ಹತ್ತು ಟನ್ ಹೊರುತ್ತವೆ. ಇದೇ ದಾರಿಗೆ ಏಸ್ 2,800 ರೂಪಾಯಿ, ಪಿಕಪ್ 3,800, ಕ್ಯಾಂಟರ್ 5,500, ಲಾರಿ 11,000 ಕೇಳುತ್ತವೆ ಎಂದಿಟ್ಟುಕೊಳ್ಳೋಣ. ತುಂಬಿದ ಲೋಡಿನಲ್ಲಿ ಕ್ವಿಂಟಲಿಗೆ ಬೀಳುವ ಸಾಗಾಟದ ಖರ್ಚು ಕ್ರಮವಾಗಿ 373, 253, 157 ಮತ್ತು 110 ರೂಪಾಯಿ. ಇಷ್ಟನ್ನೇ ನೋಡಿದವರು ಲಾರಿಯೇ ಅಗ್ಗ ಎಂದು ತೀರ್ಮಾನಿಸುತ್ತಾರೆ. ಆದರೆ ಬಾಡಿಗೆ ಗಾಡಿಗೆ ಕೊಡುವಂಥದ್ದು, ಅದರಲ್ಲಿ ಎಷ್ಟು ಮಾಲು ಕುಳಿತಿದೆ ಎಂಬುದು ಮಾಲೀಕನಿಗೆ ಬೇಕಿಲ್ಲ. ಆ ದಿನ ಇಳಿದದ್ದು 50 ಕ್ವಿಂಟಲ್ ಮಾತ್ರವಾಗಿದ್ದರೆ ಲಾರಿಯಲ್ಲಿ ಕ್ವಿಂಟಲಿಗೆ 220 ರೂಪಾಯಿ ಬೀಳುತ್ತದೆ. ಅದೇ 50 ಕ್ವಿಂಟಲನ್ನು ಒಂದು ಕ್ಯಾಂಟರಿನಲ್ಲೂ ಒಂದು ಪಿಕಪ್ಪಿನಲ್ಲೂ ಹಂಚಿದರೆ ಒಟ್ಟು 9,300 ರೂಪಾಯಿಗೆ ಮುಗಿಯುತ್ತದೆ. ಎರಡು ಕ್ಯಾಂಟರುಗಳು 70 ಕ್ವಿಂಟಲನ್ನು ಅದೇ 11,000ಕ್ಕೆ ಒಯ್ಯುವುದರಿಂದ, ದಿನದ ಇಳುವರಿ 70 ಕ್ವಿಂಟಲ್ ದಾಟಿದ ಮೇಲೆಯೇ ಲಾರಿಯ ಮಾತು ಎತ್ತಬೇಕು. ಅದೂ ಒಂದೇ ಮಂಡಿಗೆ ಹೋಗುವ ಮಾಲಾಗಿದ್ದರೆ ಮಾತ್ರ. ನಾಲ್ಕು ಕಡೆ ಇಳಿಸಬೇಕಾದ ಮಾಲನ್ನು ಲಾರಿಗೆ ಹಾಕಿದರೆ ಹಗಲು ಹೊತ್ತಿನಲ್ಲಿ ಬೆಂಗಳೂರಿನೊಳಗೆ ಭಾರೀ ವಾಹನಗಳಿಗಿರುವ ನಿರ್ಬಂಧಕ್ಕೆ ಸಿಕ್ಕಿ ಊರ ಹೊರಗೆ ನಿಲ್ಲಬೇಕಾಗುತ್ತದೆ.

ಹೊರುವ ಶಕ್ತಿಯ ವಿಷಯದಲ್ಲಿ ಮಾಲೀಕರ ಬಾಯಿಮಾತನ್ನು ನಂಬದೆ ಗಾಡಿಯ ನೋಂದಣಿ ಪತ್ರವನ್ನು (ಆರ್.ಸಿ.) ತೆಗೆಸಿ ನೋಡಬೇಕು. ಅದರಲ್ಲಿ ಲೋಡ್ ಸಮೇತದ ಒಟ್ಟು ತೂಕವೂ ಖಾಲಿ ಗಾಡಿಯ ತೂಕವೂ ಇರುತ್ತವೆ, ಎರಡರ ವ್ಯತ್ಯಾಸವೇ ನಾವು ಹಾಕಬಹುದಾದ ಮಾಲು. ಎರಡು ಆಕ್ಸಲಿನ ಆರು ಚಕ್ರದ ಲಾರಿಗೆ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೂ, ಮೂರು ಆಕ್ಸಲಿನ ಹತ್ತು ಚಕ್ರದ ಲಾರಿಗೆ 25 ಟನ್‌ನಿಂದ 28.5 ಟನ್‌ಗೂ ಏರಿಸಿದೆ. ಆದರೂ ನಾವು ಹಿಡಿದ ಗಾಡಿಯ ಆರ್.ಸಿ.ಯಲ್ಲಿ ಏನು ನಮೂದಾಗಿದೆಯೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷೇಮ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಾದ ಪ್ರತಿ ಟನ್‌ಗೆ 2,000 ರೂಪಾಯಿ. ಜೊತೆಗೆ ಹೆಚ್ಚುವರಿ ಮಾಲನ್ನು ಅಲ್ಲೇ ಇಳಿಸಬೇಕು. ಬಿಸಿಲಿನಲ್ಲಿ ರಸ್ತೆಬದಿಗೆ ಇಳಿಸಿದ ಬಾದಾಮಿ ಮಾವಿನ ಕ್ರೇಟುಗಳಿಗೆ ಸಂಜೆಯ ಹೊತ್ತಿಗೆ ಎಷ್ಟು ಬೆಲೆ ಉಳಿಯುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಹಲವರು ಮರೆಯುವುದು ಕ್ರೇಟಿನ ತೂಕವನ್ನು. 54 ಸೆಂಟಿಮೀಟರ್ ಉದ್ದ, 36 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಕ್ರೇಟುಗಳು 14 ಅಡಿ ಉದ್ದ, 6 ಅಡಿ ಅಗಲದ ಕ್ಯಾಂಟರ್ ತಳದಲ್ಲಿ ಉದ್ದಕ್ಕೆ ಏಳು, ಅಡ್ಡಕ್ಕೆ ಐದರಂತೆ 35 ಕೂರುತ್ತವೆ. ಐದು ವರಸೆ ಏರಿಸಿದರೆ 175 ಕ್ರೇಟು. ಒಂದರಲ್ಲಿ 20 ಕಿಲೋ ಹಣ್ಣೆಂದರೆ ಸರಿಯಾಗಿ ಮೂರೂವರೆ ಟನ್ ಆಯಿತು ಎಂದು ಸಂತೋಷಪಡುವಷ್ಟರಲ್ಲಿ, ಖಾಲಿ ಕ್ರೇಟು ತಲಾ ಒಂದೂವರೆ ಕಿಲೋ ತೂಗಿದರೂ 260 ಕಿಲೋಗೂ ಮಿಕ್ಕಿ ತೂಕ ಲೆಕ್ಕದ ಹೊರಗೆ ಉಳಿದಿರುತ್ತದೆ. ಹೀಗಾಗಿ ಲೋಡ್ ಮಾಡುವ ಕಡೆ ಕೊನೆಯ ವರಸೆಯಲ್ಲಿ ಹದಿಮೂರು ಕ್ರೇಟುಗಳನ್ನು ಬಿಟ್ಟೇ ತುಂಬುವುದು ಒಳ್ಳೆಯದು. ಪಲ್ಪ್ ಫ್ಯಾಕ್ಟರಿಗೆ ಹೋಗುವ ತೋತಾಪುರಿಯನ್ನು ಕ್ರೇಟಿಲ್ಲದೆ ಹಾಗೆಯೇ ತುಂಬುವುದರಿಂದ ಈ ಸಮಸ್ಯೆ ಅಲ್ಲಿಲ್ಲ. ಅಲ್ಲಿ ಬೇರೆ ಸಮಸ್ಯೆಗಳಿವೆ, ಅವುಗಳಲ್ಲಿ ಒಂದನ್ನು ಮುಂದೆ ಹೇಳುತ್ತೇನೆ.

ಒಂದೊಂದು ಗಾಡಿಗೂ ಬೇರೆ ಲೆಕ್ಕ

ಈಗ ಮುಖ್ಯ ವಿಷಯ. 14 ಅಡಿಯ ಕ್ಯಾಂಟರನ್ನು ಡ್ರೈವರ್ ಸಮೇತ ಹಿಡಿಯಲು ನಾಲ್ಕು ದಾರಿಗಳಿವೆ ಎಂದಿಟ್ಟುಕೊಳ್ಳೋಣ. ಆರು ತಿಂಗಳ ಕರಾರಿಗೆ ತಿಂಗಳಿಗೆ 48,000 ರೂಪಾಯಿ, ಮೂರು ತಿಂಗಳ ಕರಾರಿಗೆ 51,000, ಒಂದೇ ತಿಂಗಳಿಗಾದರೆ 54,000. ಈ ಮೂರರಲ್ಲೂ ಡೀಸೆಲ್, ಟೋಲ್ ನಮ್ಮದು. ನಾಲ್ಕನೆಯದು ಟ್ರಿಪ್ ಬಾಡಿಗೆ: ಎಲ್ಲ ಸೇರಿ ಏಪ್ರಿಲ್‌ವರೆಗೆ 5,500, ಮೇ ತಿಂಗಳಿಂದ ಜುಲೈವರೆಗೆ 7,000. ಕ್ಯಾಂಟರ್ ಲೀಟರಿಗೆ 8 ಕಿಲೋಮೀಟರ್ ಕೊಟ್ಟು, ಡೀಸೆಲ್ ಲೀಟರಿಗೆ 90 ರೂಪಾಯಿ ಇದ್ದರೆ, 200 ಕಿಲೋಮೀಟರಿಗೆ 25 ಲೀಟರಿನಂತೆ 2,250 ರೂಪಾಯಿ. ಟೋಲ್ 250 ಸೇರಿಸಿ 2,500. ಅಂದರೆ ತಿಂಗಳ ಬಾಡಿಗೆಯ ಗಾಡಿ ಒಂದು ಟ್ರಿಪ್ ಹೊಡೆದಾಗಲೆಲ್ಲ ನಮಗೆ ಉಳಿಯುವುದು ಸೀಸನ್ನಿಗೆ ಮುಂಚೆ 3,000, ಸೀಸನ್ನಿನಲ್ಲಿ 4,500. ಬಾಡಿಗೆಯನ್ನು ಈ ಉಳಿತಾಯದಿಂದ ಭಾಗಿಸಿದರೆ ಅಸಲು ಹುಟ್ಟುವ ಟ್ರಿಪ್ಪುಗಳ ಸಂಖ್ಯೆ ಸಿಗುತ್ತದೆ: ಆರು ತಿಂಗಳ ಕರಾರಿಗೆ ಸೀಸನ್ನಿಗೆ ಮುಂಚೆ ತಿಂಗಳಿಗೆ 16, ಒಂದು ತಿಂಗಳ ಬಾಡಿಗೆಗೆ ಸೀಸನ್ನಿಗೆ ಮುಂಚೆ 18, ಸೀಸನ್ನಿನಲ್ಲಾದರೆ 12.

ಗುಂಪಿಗೆ ಫೆಬ್ರುವರಿಯಿಂದ ಜುಲೈವರೆಗೆ ದಿನವೂ ತಪ್ಪದೆ ಮೂರು ಕ್ಯಾಂಟರ್ ಟೊಮೆಟೊ, ತರಕಾರಿ ಹೋಗುತ್ತದೆ, ಮಾವಿನ ಕಾಲದಲ್ಲಿ ಬೇಕಾಗುವ ಗಾಡಿಗಳ ಸಂಖ್ಯೆ ಒಂಬತ್ತಕ್ಕೆ ಏರುತ್ತದೆ ಎಂದು ಭಾವಿಸಿ. ಮೊದಲ ಮೂರು ಗಾಡಿಗಳ ಬಗ್ಗೆ ಯೋಚಿಸುವುದೇ ಬೇಡ. ತಿಂಗಳಿಗೆ 26 ದಿನ ಓಡುವ ಗಾಡಿಗೆ ಆರು ತಿಂಗಳ ಕರಾರಿನಲ್ಲಿ 2,88,000 ಆಗುವಲ್ಲಿ, ಟ್ರಿಪ್ ಬಾಡಿಗೆಯಲ್ಲಿ ಡೀಸೆಲ್, ಟೋಲ್ ಕಳೆದ ಮೇಲೂ 5,85,000 ಆಗುತ್ತದೆ. ಮುಂದಿನ ಗಾಡಿಗಳಿಗೂ ಟ್ರಿಪ್ ಬಾಡಿಗೆಯ ಒಟ್ಟು ಮೊತ್ತವನ್ನು ಹೀಗೆ ಡೀಸೆಲ್, ಟೋಲ್ ಕಳೆದೇ ಹೇಳಿದ್ದೇನೆ.

ನಾಲ್ಕನೆಯ ಗಾಡಿ ಫೆಬ್ರುವರಿಯಲ್ಲಿ 10 ದಿನ, ಮಾರ್ಚಿನಲ್ಲಿ 10 ದಿನ, ಏಪ್ರಿಲ್‌ನಲ್ಲಿ 16 ದಿನ, ಆಮೇಲೆ ಮೂರು ತಿಂಗಳು ಪೂರ್ತಿ ಬೇಕು. ಅದನ್ನು ಆರು ತಿಂಗಳಿಗೆ ಹಿಡಿದರೆ 2,88,000. ಮೊದಲ ಮೂರು ತಿಂಗಳು ಟ್ರಿಪ್ ಬಾಡಿಗೆಯಲ್ಲಿ ನಡೆಸಿ, ಮೇ ತಿಂಗಳಿಂದ ಮೂರು ತಿಂಗಳ ಕರಾರು ಮಾಡಿಕೊಂಡರೆ 1,08,000 ಮತ್ತು 1,53,000 ಸೇರಿ 2,61,000. ತಿಂಗಳಿಗೆ 3,000 ರೂಪಾಯಿ ಅಗ್ಗ ಎಂದು ಕಂಡ ದೀರ್ಘ ಕರಾರು ಇಲ್ಲಿ 27,000 ರೂಪಾಯಿ ದುಬಾರಿಯಾಯಿತು. ಕರಾರಿನ ಅವಧಿ ಹೆಚ್ಚಿದಷ್ಟೂ ದರ ಇಳಿಯುವುದು ನಿಜವಾದರೂ, ನಿಂತ ದಿನಗಳ ಬಾಡಿಗೆಯೂ ಅದರೊಳಗೇ ಸೇರಿರುತ್ತದೆ.

ಏಳನೆಯ ಗಾಡಿಯ ಲೆಕ್ಕ ಇನ್ನಷ್ಟು ಸೂಕ್ಷ್ಮ. ಅದು ಮೇ ತಿಂಗಳಲ್ಲಿ 14 ದಿನ, ಜೂನಿನಲ್ಲಿ 22 ದಿನ, ಜುಲೈಯಲ್ಲಿ 8 ದಿನ ಬೇಕು. ಪೂರ್ತಿ ಟ್ರಿಪ್ ಬಾಡಿಗೆಯಲ್ಲಿ ನಡೆಸಿದರೆ 1,98,000. ಮೂರು ತಿಂಗಳ ಕರಾರಿನಲ್ಲಿ 1,53,000. ಮೇ ಮತ್ತು ಜೂನ್ ತಿಂಗಳುಗಳಿಗೆ ಒಂದೊಂದು ತಿಂಗಳಂತೆ ಹಿಡಿದು ಜುಲೈಯನ್ನು ಟ್ರಿಪ್ಪಿಗೆ ಬಿಟ್ಟರೆ 1,44,000. ಕೊನೆಯ ಎರಡರ ನಡುವಿನ ವ್ಯತ್ಯಾಸ 9,000 ಮಾತ್ರ. ಇಷ್ಟು ಸಣ್ಣ ಅಂತರವಿದ್ದಾಗ ರೂಪಾಯಿಯ ಲೆಕ್ಕವನ್ನು ಪಕ್ಕಕ್ಕಿಟ್ಟು, ಕೈಬಿಡಲು ಸುಲಭವಾದದ್ದು ಯಾವುದು ಎಂದು ನೋಡಬೇಕೆಂಬುದು ನನ್ನ ಅಭಿಪ್ರಾಯ. 2025ರ ಜೂನಿನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಜಿಲ್ಲೆಯೊಳಗೆ ಬರುವುದನ್ನು ನಿರ್ಬಂಧಿಸಿತು. ಶ್ರೀನಿವಾಸಪುರದ ತೋತಾಪುರಿಗೆ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳೇ ದೊಡ್ಡ ಗಿರಾಕಿಗಳು. ಇಂಥ ಆದೇಶ ಹೊರಬಿದ್ದ ದಿನ, ಜುಲೈ ಕೊನೆಯವರೆಗೆ ಕರಾರು ಬರೆದುಕೊಟ್ಟವನು ಕಾಯಿಯ ನಷ್ಟದ ಜೊತೆಗೆ ನಿಂತ ಗಾಡಿಯ ಬಾಡಿಗೆಯನ್ನೂ ಹೊರಬೇಕಾಗುತ್ತದೆ. ತಿಂಗಳಿಂದ ತಿಂಗಳಿಗೆ ಹಿಡಿದವನು ಜೂನಿಗೆ ಕೈ ತೊಳೆದುಕೊಳ್ಳುತ್ತಾನೆ.

ಒಂಬತ್ತನೆಯ ಗಾಡಿ ಜೂನಿನಲ್ಲಿ ಒಂಬತ್ತೇ ದಿನ ಬೇಕಾಗುವಂಥದ್ದು. ಟ್ರಿಪ್ಪಿಗೆ 7,000 ಎಂದರೆ ಎದೆ ಝಲ್ಲೆನ್ನುತ್ತದೆ, ಆದರೆ ಡೀಸೆಲ್, ಟೋಲ್ ಕಳೆದು ಲೆಕ್ಕ ಹಾಕಿದರೆ 40,500. ತಿಂಗಳ ಬಾಡಿಗೆ 54,000. ದುಬಾರಿ ಎಂದು ಬೈದುಕೊಂಡೇ ಟ್ರಿಪ್ ಬಾಡಿಗೆ ಕೊಡುವುದು ಇಲ್ಲಿ ಲಾಭ.

ಈ ಎಲ್ಲ ಲೆಕ್ಕವೂ ಕ್ಯಾಂಟರ್ ಲೀಟರಿಗೆ 8 ಕಿಲೋಮೀಟರ್ ಕೊಡುತ್ತದೆ ಎಂಬ ಮಾತಿನ ಮೇಲೆ ನಿಂತಿದೆ. ಹಳೆಯ ಗಾಡಿ ಆರೂವರೆ ಮಾತ್ರ ಕೊಟ್ಟರೆ ಪ್ರತಿ ಟ್ರಿಪ್ಪಿಗೆ 500 ರೂಪಾಯಿಗೂ ಹೆಚ್ಚು ಡೀಸೆಲ್ ಕುಡಿಯುತ್ತದೆ, ಆರು ತಿಂಗಳ ಕರಾರಿನಲ್ಲಿ ಅಸಲು ಹುಟ್ಟಲು 16 ಟ್ರಿಪ್ಪಿನ ಬದಲು ಇಪ್ಪತ್ತು ಬೇಕಾಗುತ್ತವೆ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಬೇಕು: ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಳ್ಳುವುದು, ಲೋಡ್ ಹಾಕಿ ಒಂದು ಟ್ರಿಪ್ ಕಳಿಸುವುದು, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಎಷ್ಟು ಲೀಟರ್ ಹಿಡಿಯಿತು ಎಂದು ನೋಡುವುದು. ಖಾಲಿ ಗಾಡಿ ಓಡಿಸಿ ತೋರಿಸುವ ಮೈಲೇಜು ನಮ್ಮ ಉಪಯೋಗಕ್ಕೆ ಬಾರದು. ತಿಂಗಳಿಗೆ 2,000 ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಹಳೆಯ ಗಾಡಿ ಹಿಡಿದವರು ಡೀಸೆಲ್‌ನಲ್ಲಿ 13,000 ಕಳೆದುಕೊಳ್ಳುವುದು ಅಪರೂಪವೇನೂ ಅಲ್ಲ.

ಗಾಡಿ ಹೆಚ್ಚಿಸುವ ಮುಂಚೆ

ತಿಂಗಳ ಬಾಡಿಗೆಯ ಗಾಡಿ ದಿನಕ್ಕೆ ಎರಡನೆಯ ಟ್ರಿಪ್ ಹೊಡೆದರೆ ಅದರ ಖರ್ಚು ಡೀಸೆಲ್, ಟೋಲ್ ಮತ್ತು ಎರಡನೆಯ ಡ್ರೈವರಿನ ಕೂಲಿ ಮಾತ್ರ. ಎರಡನೆಯ ಡ್ರೈವರ್ ಏಕೆಂದರೆ, 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆಯ ಕೆಲಸವನ್ನೇ ಮಿತಿಯಾಗಿ ಇಟ್ಟಿತ್ತು, ಕಾಯಿದೆ ಇಲ್ಲದಿದ್ದರೂ 400 ಕಿಲೋಮೀಟರ್ ಒಬ್ಬನ ಕೈಯಲ್ಲೇ ಓಡಿಸುವುದು ಮಾಲಿಗೂ ಮನುಷ್ಯನಿಗೂ ಒಳ್ಳೆಯದಲ್ಲ. ಡ್ರೈವರಿಗೆ 1,000 ಕೊಟ್ಟರೂ ಎರಡನೆಯ ಟ್ರಿಪ್ಪು 3,500ಕ್ಕೆ ಆಗುತ್ತದೆ, ಹೊರಗಿನ ಗಾಡಿಗೆ ಅದೇ ದಿನ 7,000 ಕೊಡಬೇಕು. ಆದರೆ ಎರಡನೆಯ ಟ್ರಿಪ್ ಸಾಧ್ಯವಾಗುವುದು ಮೊದಲನೆಯದು ಬೇಗ ಇಳಿದಾಗ ಮಾತ್ರ.

ಒಂದು ಜೂನಿನಲ್ಲಿ ನಮ್ಮ ಐದು ಕ್ಯಾಂಟರುಗಳು ಒಟ್ಟಿಗೆ ರಾತ್ರಿ ಹನ್ನೊಂದಕ್ಕೆ ಹೊರಟು ಒಟ್ಟಿಗೇ ಮಾರುಕಟ್ಟೆ ಸೇರಿದವು. ನಾವು ಮಾಲು ಕೊಡುತ್ತಿದ್ದ ಮಂಡಿಯಲ್ಲಿ ಇದ್ದದ್ದು ಒಂದೇ ಹಮಾಲಿ ತಂಡ. ಐದನೆಯ ಗಾಡಿ ಇಳಿದಾಗ ಮಧ್ಯಾಹ್ನ ಒಂದೂವರೆ. ಮೇಲಿನ ವರಸೆಯ ಹಣ್ಣು ಬಿಸಿಲಿಗೆ ಮೆತ್ತಗಾಗಿತ್ತು. ಆ ದಿನದ ಮಾಲಿಗೆ ಇನ್ನೆರಡು ಗಾಡಿ ಬೇಕೆಂದು ನಾವು ಬೆಳಿಗ್ಗೆಯಿಂದ ಬ್ರೋಕರುಗಳಿಗೆ ಫೋನ್ ಮಾಡುತ್ತಿದ್ದೆವು, ನಮ್ಮದೇ ಮೂರು ಗಾಡಿಗಳು ಅಲ್ಲಿ ಸಾಲಿನಲ್ಲಿ ನಿಂತಿದ್ದವು. ಮಾರನೆಯ ವಾರದಿಂದ ಒಂದೂಕಾಲು ಗಂಟೆಗೆ ಒಂದರಂತೆ ಗಾಡಿ ಬಿಡಲು ಆರಂಭಿಸಿದ ಮೇಲೆ ದಿನಕ್ಕೆ ಎರಡು ಹೊರಗಿನ ಗಾಡಿ ಕಡಿಮೆಯಾದವು. ಇದಕ್ಕೆ ಯಾರೊಂದಿಗೂ ದರದ ಚೌಕಾಸಿ ಮಾಡಬೇಕಾಗಿರಲಿಲ್ಲ. ಟ್ರಿಪ್ ಬಾಡಿಗೆಯ ಗಾಡಿ ಹೀಗೆ ನಿಂತಿದ್ದರೆ ಮೇಲೆ ಹಾಲ್ಟಿಂಗ್, ಅಂದರೆ ಕಾದು ನಿಂತದ್ದಕ್ಕೆ ಹಣ, ಕೂಡ ಕೇಳುತ್ತಿತ್ತು.

ರಿಟರ್ನ್ ಲೋಡಿನ ಆಸೆಯನ್ನು ಅಳೆದು ನೋಡಬೇಕು. ಬೆಂಗಳೂರಿನಿಂದ ಖಾಲಿ ಬರುವ ಗಾಡಿಗೆ ಸಿಮೆಂಟೋ ಪಶು ಆಹಾರವೋ ಸಿಕ್ಕರೆ ಡೀಸೆಲಿನ ಖರ್ಚು ಹುಟ್ಟುತ್ತದೆ ಎನ್ನುವುದು ಸರಿ. ಆದರೆ ನಮ್ಮ ಖಾಲಿ ಕ್ರೇಟುಗಳು ಮೊದಲು ಬರಬೇಕು, ಅವು ಬಾರದಿದ್ದರೆ ನಾಳಿನ ಕಾಯಿಗೆ ಜಾಗವಿಲ್ಲ. ಕ್ರೇಟು ಅರ್ಧ ಗಾಡಿ ತುಂಬಿದ ಮೇಲೆ ಉಳಿದ ಜಾಗಕ್ಕೆ ಸಿಗುವ ಲೋಡು ಸಣ್ಣದು, ಅದಕ್ಕಾಗಿ ಕಾಯುವ ಸಮಯ ದೊಡ್ಡದು. ಗೊಬ್ಬರ, ಕೀಟನಾಶಕಗಳನ್ನಂತೂ ಹಣ್ಣಿನ ಕ್ರೇಟಿನ ಪಕ್ಕ ಹಾಕಿಸಬಾರದು. ಬೇರೆ ಊರಿನ ಗಾಡಿಯ ರಿಟರ್ನ್ ಲೋಡು ನಾವಾಗುವುದು ಇದಕ್ಕಿಂತ ಲಾಭದ ಮಾತು: ಕೋಲಾರಕ್ಕೆ ಸಾಮಾನು ಇಳಿಸಿ ಬೆಂಗಳೂರಿಗೆ ಖಾಲಿ ಹೋಗಬೇಕಾದ ಗಾಡಿ ಅರ್ಧ ಬಾಡಿಗೆಗೂ ಒಪ್ಪುವುದುಂಟು. ದಿನವೂ ಅದನ್ನೇ ನಂಬಲಾಗದು. ಎಂಟನೆಯ, ಒಂಬತ್ತನೆಯ ಗಾಡಿಯ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ಬೇರೆಯವರ ಮಾಲಿನ ಜೊತೆ ನಮ್ಮ ಮಾಲನ್ನೂ ಒಯ್ಯುವ ಪಾರ್ಟ್ ಲೋಡ್, ಪಾರ್ಸೆಲ್ ಸೇವೆಗಳು ಬೆಲ್ಲ, ಬೀಜ, ಉಪ್ಪಿನಕಾಯಿಯಂಥ ಕೆಡದ ಮಾಲಿಗೆ ಸರಿ. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ಆರಂಭಿಸಿದ ನಮ್ಮ ಕಾರ್ಗೋದಲ್ಲಿ ಬಸ್ಸಿನ ಜೊತೆಗೇ ಪಾರ್ಸೆಲ್ ಹೋಗುವುದರಿಂದ ಹತ್ತಾರು ಪೆಟ್ಟಿಗೆಗಳಿಗೆ ಬೇರೆ ಗಾಡಿ ಮಾಡಬೇಕಾಗಿಲ್ಲ. ದಿನಕ್ಕೆ ಟನ್‌ಗಟ್ಟಲೆ ಹಣ್ಣು ಕಳಿಸುವವರಿಗೆ ಇದು ಉತ್ತರವಾಗದು.

ಕರಾರಿನಲ್ಲಿ ಬರೆಸಬೇಕಾದದ್ದು

ತೂಕದ ಮೇಲೆ ಕೊಡುವ ಟನ್ ಬಾಡಿಗೆಗೂ ಟ್ರಿಪ್ ಬಾಡಿಗೆಗೂ ನಡುವೆ ಆಯ್ಕೆ ಬಂದರೆ ಗ್ಯಾರಂಟಿ ತೂಕ ಎಷ್ಟು ಎಂದು ಮೊದಲು ಕೇಳಿ. ಒಂಬತ್ತು ಟನ್ ಗ್ಯಾರಂಟಿ ಎಂದರೆ ನಾವು ಆರು ಟನ್ ಹಾಕಿದರೂ ಒಂಬತ್ತರ ದುಡ್ಡು ಕೊಡಬೇಕು. ಟನ್ ಬಾಡಿಗೆಯಲ್ಲಿ ಮಾಲೀಕನಿಗೇ ಹೆಚ್ಚು ತುಂಬಿಸುವ ಆಸೆ ಹುಟ್ಟುವುದರಿಂದ ಓವರ್‌ಲೋಡಿನ ದಂಡ ಯಾರದ್ದು ಎಂಬುದನ್ನೂ ಬರೆದಿಡಬೇಕು.

ತಿಂಗಳ ಕರಾರಿನಲ್ಲಿ ಮರೆಯಬಾರದ ಮಾತುಗಳು ಇವು: ತಿಂಗಳಿಗೆ ಎಷ್ಟು ಕಿಲೋಮೀಟರ್‌ವರೆಗೆ ಈ ಬಾಡಿಗೆ, ಅದರ ಮೇಲೆ ಕಿಲೋಮೀಟರಿಗೆ ಎಷ್ಟು, ಗಾಡಿ ಕೆಟ್ಟರೆ ಎಷ್ಟು ಗಂಟೆಯೊಳಗೆ ಬದಲಿ ಗಾಡಿ, ಬಾರದಿದ್ದರೆ ಹೊರಗಿನ ಗಾಡಿಯ ವ್ಯತ್ಯಾಸವನ್ನು ಯಾರು ಕೊಡಬೇಕು, ಡ್ರೈವರ್ ಭತ್ಯೆ, ರಾತ್ರಿ ತಂಗುವ ಖರ್ಚು ಬಾಡಿಗೆಯೊಳಗೋ ಹೊರಗೋ, ಮುಂಚಿತವಾಗಿ ಬಿಡಬೇಕಾದರೆ ಎಷ್ಟು ದಿನದ ನೋಟಿಸು. ಬದಲಿ ಗಾಡಿಯ ಮಾತು ಇವುಗಳಲ್ಲಿ ಅತಿ ಮುಖ್ಯವೆಂದು ನಾನು ಎಣಿಸುತ್ತೇನೆ. ಜೂನಿನಲ್ಲಿ ಕ್ಲಚ್ ಹೋದ ಗಾಡಿ ಮೂರು ದಿನ ಗ್ಯಾರೇಜಿನಲ್ಲಿ ಮಲಗಿದರೆ ಹೊರಗಿನ ಗಾಡಿಗೆ 13,500 ಹೆಚ್ಚುವರಿ ಖರ್ಚಾಗುತ್ತದೆ, ಅದೇ ಹೊತ್ತಿಗೆ ಬಾಡಿಗೆಯ ಮೀಟರೂ ಓಡುತ್ತಿರುತ್ತದೆ.

ತೆರಿಗೆಯ ಕಡೆಯಿಂದ ತಾಜಾ ಹಣ್ಣು, ತರಕಾರಿಗೆ ತೊಂದರೆ ಕಡಿಮೆ; ಕೃಷಿ ಉತ್ಪನ್ನದ ಸಾಗಾಟಕ್ಕೆ ಜಿ.ಎಸ್.ಟಿ. ವಿನಾಯಿತಿ ಇದೆ, ಮಾಲು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ಲೂ ಬೇಕಿಲ್ಲ. ಅದೇ ಮಾವು ಪಲ್ಪ್ ಆಗಿ ಡಬ್ಬಿ ಸೇರಿದರೆ ಕಥೆ ಬೇರೆ: ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅದರ ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ.

ಇನ್ನು ಸಹಿ ಹಾಕುವ ಸಮಯ. ಮಾವು ಒಂದು ವರ್ಷ ಬಿಟ್ಟರೆ ಮರುವರ್ಷ ಕೈಕೊಡುವ ಮರ, ಹೂವು ನೋಡಿ ಗಾಡಿ ಹಿಡಿಯುವವರು ಆಲಿಕಲ್ಲು ಮಳೆಗೂ ಜಿಗಿಹುಳುವಿಗೂ ಸೇರಿಸಿಯೇ ಪಂದ್ಯ ಕಟ್ಟಿದಂತೆ. ದಿನವೂ ಓಡುವ ಮೂರು ಗಾಡಿಗಳ ಕರಾರನ್ನು ಜನವರಿಯಲ್ಲೇ ಮುಗಿಸಿ. ನಾಲ್ಕರಿಂದ ಏಳರವರೆಗಿನ ಗಾಡಿಗಳಿಗೆ ಅದೇ ಮಾಲೀಕರ ಹತ್ತಿರ ದರ ಮಾತಾಡಿ, ಸಣ್ಣ ಮುಂಗಡ ಕೊಟ್ಟು, ಎಷ್ಟು ಗಾಡಿ ಎಂಬ ಸಂಖ್ಯೆಯನ್ನು ಮಾರ್ಚ್ ಕೊನೆಗೆ ಹೇಳುವುದಾಗಿ ಬರೆಸಿಕೊಳ್ಳಿ. ಆ ಹೊತ್ತಿಗೆ ಕಾಯಿ ನಿಂಬೆಹಣ್ಣಿನಷ್ಟಾಗಿ ಗೊಂಚಲಿನಲ್ಲಿ ಎಷ್ಟು ನಿಂತಿದೆ ಎಂಬುದು ತೋಟದೊಳಗೆ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಬೆಳೆ ಅರ್ಧವಾದರೆ ಆ ಮುಂಗಡ ಹೋಗಬಹುದು. ನಾಲ್ಕು ಗಾಡಿಗೆ ತಲಾ 5,000 ಹೋದರೂ ಅದು ಒಂದು ಗಾಡಿಯ ಅರ್ಧ ತಿಂಗಳ ಬಾಡಿಗೆಗಿಂತ ಕಡಿಮೆ.